ಸೀಮೆಯ ಪಟ್ಟಿ, ಮಳವಳ್ಳಿಯ ಹುಲ್ಲು

ಹೊಸದಾಗಿ ಮಾಲಿ ಕೆಲಸಕ್ಕೆ ಸೇರಿದವರು ನನ್ನ ಹತ್ತಿರ ಬಂದು ಕೂತರೆ ಮೊದಲು ಕೇಳುವುದು ಒಂದೇ ಮಾತು: ‘ಗೌಡರೇ, ಮನೆ ಮುಂದಿನ ಹುಲ್ಲುಹಾಸನ್ನು ಎಷ್ಟು ದಿನಕ್ಕೊಂದು ಸಲ ಕತ್ತರಿಸಬೇಕು?’ ವಾರಕ್ಕೊಮ್ಮೆ ಎಂದುಬಿಟ್ಟರೆ ಅವರಿಗೆ ಸಮಾಧಾನ, ಬರೆದುಕೊಂಡು ಎದ್ದು ಹೋಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಈಗ ಯಾವ ಮಳೆ ನಡೆಯುತ್ತಿದೆ, ಬಿಸಿಲು ಹೇಗಿದೆ, ನಿನ್ನೆ ನೀರು ಹಾಯಿಸಿದಿರಾ ಎಂದು ತಿರುಗಿ ಕೇಳುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಇದೇ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟ ಒಂದು ಕಾಗದವನ್ನು ನಂಬಿ, ನಾನು ಒಂದು ಬೇಸಿಗೆಯಲ್ಲಿ ಎಳೆಯ ಕೂಸೊಂದರ ಬಾಯಿಂದ ಹಾಲು ಕಿತ್ತುಕೊಂಡಿದ್ದೆ. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ನಮ್ಮದು ಪೂರಿಗಾಲಿ. ರಾಗಿ, ಹುರುಳಿ ಬೆಳೆಯುವ ಹೊಲ, ಮೂವರು ಅಣ್ಣತಮ್ಮಂದಿರು, ನಾನು ಕೊನೆಯವನು. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದೆ. ಮದ್ದೂರಿನಲ್ಲಿ ಸರ್ಕಾರಿ ಬಂಗಲೆಗೆ ಮಾಲಿ ಬೇಕಂತೆ ಎಂದು ಯಾರೋ ಹೇಳಿದಾಗ ಹೊರಟುನಿಂತೆ. ಏನು ಕೆಲಸ ಎಂದು ಅಪ್ಪ ಕೇಳಿದ. ಹುಲ್ಲು ಬೆಳೆಸುವುದು, ಬೆಳೆದದ್ದನ್ನು ಕತ್ತರಿಸುವುದು ಎಂದೆ.

‘ಅದ್ರಾಗೆ ದನ ಕಟ್ತಾರೇನ್ಲಾ?’

‘ಇಲ್ಲ ಕಣಪ್ಪ. ದನ ಒಳೀಕೇ ಬುಡಂಗಿಲ್ಲ.’

‘ಮತ್ಯಾಕ್ ಬೆಳೀತಾರೆ?’

‘ನೋಡಕ್ಕೆ.’

ಅಪ್ಪ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಊರಿನಲ್ಲಿ ಎದುರಾದವರಿಗೆಲ್ಲ ‘ನನ್ ಕಿರೀಮಗ ನೋಡೋ ಉಲ್ಲು ಬೆಳ್ಯಕ್ ಓಯ್ತಾವ್ನೆ’ ಎಂದು ಹೇಳಿಕೊಂಡು ತಿರುಗಿದ. ನನಗೆ ಆಗ ಸಿಟ್ಟು ಬಂದಿತ್ತು. ಅಪ್ಪನ ಪ್ರಶ್ನೆ ತಮಾಷೆಯದಲ್ಲ ಎಂದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಮದ್ದೂರಿನಲ್ಲಿ ಕಲಿತದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಒಂದು ದಿನ ರಾತ್ರಿಯೆಲ್ಲ ಮಳೆ ಹೊಯ್ದಿತ್ತು. ಬೆಳಿಗ್ಗೆ ಹುಲ್ಲು ಎದ್ದುನಿಂತದ್ದನ್ನು ನೋಡಿ ಹುರುಪಿನಿಂದ ಕತ್ತರಿಸಲು ಇಳಿದೆ. ಒದ್ದೆ ಹುಲ್ಲು ಕತ್ತಿಗೆ ಸಿಗದೆ ಜಾರುತ್ತದೆ, ಅರ್ಧ ಕತ್ತರಿಸಿ ಅರ್ಧ ಕೀಳುತ್ತದೆ. ನೆಲ ಮೆತ್ತಗಿತ್ತು. ನನ್ನ ಹೆಜ್ಜೆಗಳು ಒಂದೊಂದೂ ಬಟ್ಟಲಿನಂತೆ ಇಳಿದು, ಬಿಸಿಲಿಗೆ ಹಾಗೆಯೇ ಗಟ್ಟಿಯಾದವು. ಸುಗ್ಗಿಯವರೆಗೂ ಬಂದ ಅತಿಥಿಗಳೆಲ್ಲ ಆ ಗುಂಡಿಗಳಲ್ಲಿ ಎಡವಿದರು. ಮಳೆ ಬಂದ ಮಾರನೆಯ ದಿನ ಹುಲ್ಲಿನ ಮೇಲೆ ಕಾಲಿಡಬೇಡಿ, ಎಷ್ಟೇ ಉದ್ದವಾಗಿದ್ದರೂ ಇಡಬೇಡಿ. ಇದೊಂದು ಪಾಠ ಮದ್ದೂರಿನದು.

ಅಲ್ಲಿಂದ ನನ್ನನ್ನು ಮಳವಳ್ಳಿಗೆ ಹಾಕಿದರು, ನಾಲೆ ಕೆಲಸದ ಇಂಜಿನಿಯರು ಸಂಸಾರದೊಂದಿಗೆ ಇದ್ದ ಬಂಗಲೆಗೆ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಮನೆಯ ಮುಂದೊಂದು ಹುಲ್ಲುಹಾಸು, ಹಿಂದೊಂದು. ಎರಡೂ ಗರಿಕೆಯವು. ಬಾವಿ ಇತ್ತು, ಬೇಸಿಗೆಯಲ್ಲೂ ನೀರು ಬತ್ತುತ್ತಿರಲಿಲ್ಲ. ಸುತ್ತಲೂ ಗೋರಂಟಿ ಬೇಲಿ.

ಹುಲ್ಲು ಕತ್ತರಿಸುವುದು ನನ್ನ ಕೆಲಸವಾಗಿರಲಿಲ್ಲ. ಹಿಂದಿನ ಬೀದಿಯ ಐದಾರು ಹೆಂಗಸರು ಕುಡುಗೋಲು ಹಿಡಿದು ಬರುತ್ತಿದ್ದರು. ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು, ಎಡಗೈಯಲ್ಲಿ ಹಿಡಿ ಹುಲ್ಲು ಹಿಡಿದು, ಬಲಗೈಯಲ್ಲಿ ಕೊಯ್ಯುತ್ತ, ಮಾತಾಡುತ್ತ, ಒಂದೇ ಸಮನೆ ಮುಂದಕ್ಕೆ ಸರಿಯುತ್ತಿದ್ದರು. ಅವರಿಗೆ ಕೂಲಿ ಇಲ್ಲ. ಕೊಯ್ದ ಹುಲ್ಲೇ ಕೂಲಿ. ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು. ನಾನು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ನಡೆದುಬಂದ ಪದ್ಧತಿ ಅದು.

ಆ ಸಾಲಿಗೆ ಚನ್ನಮ್ಮನೇ ಯಜಮಾನಿ. ನಲವತ್ತು ದಾಟಿದ ಹೆಂಗಸು, ಗಂಡ ಇಲ್ಲ, ತುಂಡು ಹೊಲವೂ ಇಲ್ಲ. ಯಾವತ್ತು ಕೊಯ್ಯಬೇಕು ಎಂದು ತೀರ್ಮಾನಿಸುತ್ತಿದ್ದವಳು ಆಕೆಯೇ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಬಗ್ಗಿ ಅಂಗೈ ಊರಿ ನೋಡಿ, ‘ಇವತ್ತು ಬ್ಯಾಡ, ಇನ್ನೂ ನಾಕ್ ದಿನ ಬುಡು’ ಎಂದರೆ ಎಲ್ಲರೂ ವಾಪಸ್ಸು. ಹುಲ್ಲು ಇನ್ನಷ್ಟು ಬೆಳೆಯಲಿ ಎಂಬ ಆಸೆಗೆ ಹೀಗೆ ಹೇಳುತ್ತಾಳೆ ಎಂದು ನಾನು ಎಣಿಸಿದ್ದೆ.

ಆ ವರ್ಷ ಮಾಗಿಯಲ್ಲಿ ಚನ್ನಮ್ಮನ ಒಬ್ಬಳೇ ಮಗಳು ಬಾಣಂತನಕ್ಕೆ ಬಂದು, ಹೆಣ್ಣು ಹೆತ್ತು, ಹತ್ತು ದಿನಕ್ಕೆಲ್ಲ ತೀರಿಕೊಂಡಳು. ಕೂಸು ಅಜ್ಜಿಯ ಮಡಿಲಿಗೆ ಬಿತ್ತು. ಪುಟ್ಟಲಕ್ಷ್ಮಿ ಎಂದು ಹೆಸರಿಟ್ಟರು. ಮನೆಯಲ್ಲಿ ಕರು ಹಾಕಿದ ನಾಟಿ ಹಸು ಒಂದಿತ್ತು. ಅದರ ಹಾಲಿಗೆ ನೀರು ಬೆರೆಸಿ, ಕಾಯಿಸಿ ಆರಿಸಿ, ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಬಿಡುತ್ತಿದ್ದಳು. ಆ ಕೂಸಿಗೆ ಬೇರೆ ದಿಕ್ಕಿರಲಿಲ್ಲ. ಬೇಸಿಗೆಯಲ್ಲಿ ಮಳವಳ್ಳಿಯ ಬಯಲಿನಲ್ಲಿ ಹಸಿರು ಕಾಣುತ್ತಿದ್ದದ್ದು ನಮ್ಮ ಬಂಗಲೆಯ ಬೇಲಿಯೊಳಗೆ ಮಾತ್ರ.

ಶಿವರಾತ್ರಿ ಕಳೆದ ಮೇಲೆ ಮಿಷನ್ನು ಬಂತು. ಮರದ ಪೆಟ್ಟಿಗೆಯಲ್ಲಿ ಹೊಟ್ಟಿನ ನಡುವೆ ಮಲಗಿತ್ತು. ಹಸಿರು ಬಣ್ಣ, ಎರಡು ಹಿಡಿ, ಮುಂದೆ ತಿರುಗುವ ಅಲಗುಗಳು, ಹಿಂದೆ ಉರುಳೆ. ತಳ್ಳಿಕೊಂಡು ಹೋದರೆ ಕಿರ್ರ್ ಎಂದು ಹುಲ್ಲು ಹಾರುತ್ತಿತ್ತು. ಅದನ್ನು ತಂದವರು ನಮ್ಮ ಮೇಲಿನ ಓವರ್ಸಿಯರ್ ಶೇಷಗಿರಿಯಪ್ಪನವರು. ಮೈಸೂರಿನಲ್ಲಿದ್ದು ತಿಂಗಳಿಗೊಮ್ಮೆ ಬಂದು ನೋಡಿಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಗಿಡದ ಮೇಲೆ ಪ್ರಾಣ. ಒಂದೇ ದೌರ್ಬಲ್ಯ ಎಂದರೆ ಅಚ್ಚಾದದ್ದನ್ನೆಲ್ಲ ನಂಬುತ್ತಿದ್ದರು. ಮಿಷನ್ನಿನ ಜೊತೆ ಬಿಳಿಯರ ಸೀಮೆಯಿಂದ ಬಂದ ಪುಸ್ತಕದಲ್ಲಿ ಯಾವ ತಿಂಗಳು ಎಷ್ಟು ಸಲ ಕತ್ತರಿಸಬೇಕು ಎಂಬ ಪಟ್ಟಿ ಇತ್ತು. ಅದನ್ನು ದುಂಡಾದ ಕನ್ನಡದಲ್ಲಿ ಬರೆದು ಸಾಮಾನಿನ ಕೋಣೆಯ ಬಾಗಿಲಿಗೆ ಹೊಡೆಸಿದರು. ಏಪ್ರಿಲ್, ಮೇ, ಜೂನ್: ವಾರಕ್ಕೆ ಎರಡು ಸಲ. ಎತ್ತರ ಮುಕ್ಕಾಲು ಅಂಗುಲ. ನವೆಂಬರಿನಿಂದ ಫೆಬ್ರವರಿವರೆಗೆ ಕತ್ತರಿಸುವ ಅಗತ್ಯವಿಲ್ಲ.

‘ಇನ್ನು ಮೇಲೆ ಆ ಹೆಂಗಸರು ಬರೋದು ಬೇಡ ಕಣಯ್ಯ. ಬಿದ್ದ ಹುಲ್ಲನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕು’ ಎಂದರು.

ನಾನೇ ಹೋಗಿ ಚನ್ನಮ್ಮನಿಗೆ ಹೇಳಿದೆ. ‘ಮಿಸಿನ್ನು ತಿಂತದಾ ಉಲ್ಲ?’ ಎಂದು ಮಾತ್ರ ಕೇಳಿದಳು. ನಾನು ನಕ್ಕೆ. ಉಳಿದವರಿಗೆ ಸ್ವಂತ ಹೊಲದ ಬದುಗಳಿದ್ದವು, ಹೇಗೋ ನಡೆಯುತ್ತಿತ್ತು. ಆಕೆಗೆ ಬೇರೆ ಏನೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಮಿಷನ್ನು ನನ್ನ ತಲೆಗೇರಿತ್ತು. ಅದು ಹೋದ ದಾರಿಯಲ್ಲಿ ಒಂದು ಪಟ್ಟೆ ತಿಳಿಹಸಿರು, ಬಂದ ದಾರಿಯಲ್ಲಿ ಒಂದು ಪಟ್ಟೆ ಕಡುಹಸಿರು. ಸಾಹೇಬರ ಮನೆಯವರು ಜಗಲಿಗೆ ಬಂದು ‘ಎಷ್ಟು ಚೆನ್ನಾಗಿದೆ!’ ಎಂದರು. ವಾರಕ್ಕೆ ಎರಡು ಸಲ ಎಂದಿದ್ದರೆ ನಾನು ಮೂರು ಸಲ ತಳ್ಳಿದ್ದೂ ಉಂಟು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಚನ್ನಮ್ಮ ಕೂಸನ್ನು ಎತ್ತಿಕೊಂಡು ಬೇಲಿಯ ಹತ್ತಿರ ನಿಂತಿದ್ದಳು. ಕೂಸು ಅಳುತ್ತಿತ್ತು. ಗಟ್ಟಿಯಾಗಿ ಅಲ್ಲ, ಸಣ್ಣಗೆ, ಬಿಟ್ಟು ಬಿಟ್ಟು.

‘ಏನ್ ಚನ್ನಕ್ಕ?’ ಎಂದೆ.

‘ಅಸ ಬತ್ತೋಯ್ತಾ ಅದೆ ಕಣಪ್ಪ. ಬರೀ ಒಣಾ ರಾಗಿಉಲ್ಲು ತಿಂದು ಎಲ್ಲಿಂದ ಕೊಟ್ಟಾತು? ಒತ್ತಾರೆ ಒಂದ್ ಒಳಲೆ, ಬೈಗ್ಗೆ ಅರ್ಧ. ಇದ್ಕೆ ಸಾಲಕ್ಕಿಲ್ಲ.’

ನಾನು ತಕ್ಷಣ ಓಡಿಹೋಗಿ ಗುಂಡಿಯಿಂದ ಅಂದಿನ ಹುಲ್ಲನ್ನು ಬುಟ್ಟಿಗೆ ತುಂಬಿ ಕೊಟ್ಟೆ. ಮಾರನೆಯ ದಿನ ಆಕೆ ಬುಟ್ಟಿಯನ್ನು ಹಾಗೆಯೇ ತಂದಿಟ್ಟಳು. ಮಿಷನ್ನು ಕತ್ತರಿಸಿದ ಹುಲ್ಲು ಹೊಟ್ಟಿನಷ್ಟು ಸಣ್ಣದು. ಗುಡ್ಡೆ ಹಾಕಿದರೆ ಒಂದು ಗಳಿಗೆಯಲ್ಲಿ ಬಿಸಿಯಾಗಿ ಹುಳಿ ನಾತ ಬರುತ್ತದೆ. ಅದರ ಮೇಲೆ ಅಲಗಿಗೆ ಹಾಕಿದ ಎಣ್ಣೆಯ ವಾಸನೆ.

‘ಮೂತಿ ಇಟ್ಟು ಇತ್ಲಾಗ್ ತಿರುಗ್ತು ಕಣಪ್ಪ’ ಎಂದಳು. ಆಮೇಲೆ ಹುಲ್ಲುಹಾಸಿನ ಕಡೆ ನೋಡಿ, ‘ನಿನ್ ಮಿಸಿನ್ನು ಉಲ್ಲ ಕುಯ್ಯಕ್ಕಿಲ್ಲ. ನೆಲ್ವ ಕೆರೀತದೆ. ನೀನು ತಲೆ ಬೋಳುಸ್ಕಂಡು ಈ ಬಿಸ್ಲಾಗೆ ವಲದಾಗ್ ನಿಂತ್ಕಂಡು ನೋಡು, ಆ ಉಲ್ಗೆ ಎಂಗಾಯ್ತದೆ ಅಂತ ಗೊತ್ತಾಯ್ತದೆ’ ಎಂದಳು.

ಆ ರಾತ್ರಿ ಅಪ್ಪ ನಕ್ಕದ್ದು ನೆನಪಾಯಿತು. ಬೆಳಗಾಗುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆ. ಮುಂದಿನ ಹುಲ್ಲು ಪಟ್ಟಿಯ ಪ್ರಕಾರ, ಹಿಂದಿನದು ಚನ್ನಮ್ಮನಿಗೆ. ಹಿಂದಿನ ಕಡೆ ಸಾಹೇಬರು ಬರುತ್ತಿದ್ದದ್ದು ಅಪರೂಪ. ಓವರ್ಸಿಯರು ಬರುವ ದಿನ ಏನು ಹೇಳುವುದು ಎಂದು ಯೋಚಿಸುವ ಧೈರ್ಯ ಮಾಡಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು, ಊರಿಗೆ ಹೋದರೆ ನನ್ನ ಪಾಲಿಗೆ ಹೊಲ ಇಲ್ಲ ಎಂದೂ ಗೊತ್ತಿತ್ತು.

ಸ್ವಲ್ಪ ದಿನ ಹಿಂದಿನ ಹುಲ್ಲನ್ನು ಮುಟ್ಟದೆ ನೀರು ಕೊಟ್ಟು ಬಿಟ್ಟೆವು. ಹುಲ್ಲು ಎದ್ದ ಮೇಲೆ ಚನ್ನಮ್ಮ ಜಾಗವನ್ನೆಲ್ಲ ಕಣ್ಣಳತೆಯಲ್ಲೇ ಇಪ್ಪತ್ತು ಪಾಲು ಮಾಡಿದಳು. ದಿನಕ್ಕೊಂದು ಪಾಲು, ಬಿಸಿಲೇರುವ ಮೊದಲು. ಕಡೆಯ ಪಾಲು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಎದ್ದಿರುತ್ತಿತ್ತು. ಎಷ್ಟು ಬಿಟ್ಟು ಕೊಯ್ಯಬೇಕು ಎಂದು ನನಗೆ ತೋರಿಸಿದಳು. ನಾಲ್ಕು ಬೆರಳು ಜೋಡಿಸಿ ನೆಲದ ಮೇಲೆ ಅಡ್ಡಲಾಗಿ ನಿಲ್ಲಿಸಿದರೆ ಬೆರಳು ಹುಲ್ಲಿನಲ್ಲಿ ಮುಚ್ಚಿಹೋಗಬೇಕು. ‘ಬುಡ ಬಿಸ್ಲಿಗೆ ತೋರುಸ್ಬಾರ್ದು ಕಣಪ್ಪ’ ಎನ್ನುತ್ತಿದ್ದಳು. ಮಳೆಗಾಲಕ್ಕೆ ಎರಡು ಬೆರಳು ಸಾಕಂತೆ.

ಒಂದು ದಿನ ಹೊರೆ ಕಟ್ಟುತ್ತ ನನ್ನ ಕಡೆ ನೋಡದೆಯೇ, ‘ಬೈಗ್ಗೂ ಒಂದ್ ಒಳಲೆ ಆಯ್ತದೆ ಈಗ’ ಎಂದಳು. ನನಗೆ ಕಣ್ಣು ತುಂಬಿ ಬಂತು. ಬಾವಿ ಕಡೆ ಕೆಲಸ ಇದೆ ಎಂದು ನೆಪ ಹೇಳಿ ಅತ್ತ ಹೋದೆ.

ಆ ವರ್ಷ ಏಪ್ರಿಲ್ ಕೊನೆಗೆ ಬೀಳಬೇಕಾದ ಭರಣಿ ಮಳೆ ಬರಲಿಲ್ಲ. ಮುಂದಿನ ಹುಲ್ಲು ಮೊದಲು ಮಂಕಾಯಿತು, ಆಮೇಲೆ ಹಳದಿಯಾಯಿತು. ನಾನು ಎರಡರಷ್ಟು ನೀರು ಹಾಕಿದೆ. ಪಟ್ಟಿಯ ಪ್ರಕಾರ ಮಿಷನ್ನನ್ನೂ ತಳ್ಳಿದೆ. ಮೇ ತಿಂಗಳ ನಡುವಿನ ಹೊತ್ತಿಗೆ ಅದು ಸುಟ್ಟ ಕಂಬಳಿಯ ಹಾಗಿತ್ತು, ಅಲ್ಲಲ್ಲಿ ನೆಲ ಬಿರುಕು ಬಿಟ್ಟಿತ್ತು. ಹಿಂದಿನ ತಿಂಗಳು ಬಾರದಿದ್ದ ಶೇಷಗಿರಿಯಪ್ಪನವರು ಬಂದವರೇ ಗೇಟಿನಲ್ಲೇ ನಿಂತುಬಿಟ್ಟರು. ಸಾಹೇಬರೂ ಹೊರಗೆ ಬಂದರು.

‘ನೀರು ಹಾಕಲಿಲ್ವೇನಯ್ಯ?’

‘ಹಾಕಿದೀನಿ ಸ್ವಾಮಿ, ಎರಡು ಹೊತ್ತೂ.’

‘ಮಿಷನ್ನು?’

‘ಪಟ್ಟಿ ಇರೋ ಹಾಗೇ ಸ್ವಾಮಿ.’

ಅವರು ಮನೆ ಸುತ್ತು ಹಾಕಿಕೊಂಡು ಹಿಂದಕ್ಕೆ ನಡೆದರು. ಹಿಂದಿನ ಹುಲ್ಲು ಕಣ್ಣಿಗೆ ತಂಪಾಗಿ, ಹಸಿರಾಗಿ, ಗಾಳಿಗೆ ಒಲೆಯುತ್ತ ನಿಂತಿತ್ತು. ಜೇಬಿನಿಂದ ಅಳತೆಪಟ್ಟಿ ತೆಗೆದು ಊರಿ ನೋಡಿದರು. ‘ಇಲ್ಲಿ ಮಿಷನ್ನು ಆಡಿಸೇ ಇಲ್ವಲ್ಲಯ್ಯ!’ ಎಂದು ಏರುದನಿಯಲ್ಲಿ ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಎದ್ದುನಿಂತು ಒಮ್ಮೆ ಮುಂದಿನ ಅಂಗಳದ ಕಡೆ, ಒಮ್ಮೆ ಕಾಲಬುಡಕ್ಕೆ ನೋಡಿದರು. ಸಾಹೇಬರು ಕೇಳಿದರು:

‘ಬಹಳ ಚೆನ್ನಾಗಿ ಉಳಿಸಿದ್ದೀಯಲ್ಲ. ಯಾರು ಹೇಳಿಕೊಟ್ಟರು ಹೀಗೆ ಮಾಡೋಕೆ?’

ಚನ್ನಮ್ಮ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಬರಬೇಡ ಎಂದವರನ್ನು ಒಳಗೆ ಬಿಟ್ಟದ್ದೂ, ಗುಂಡಿಗೆ ಹೋಗಬೇಕಾದ ಹುಲ್ಲು ಹೊರಗೆ ಹೋದದ್ದೂ ಬಯಲಾಗುತ್ತದೆ. ನಾನು ಹೆದರಿದೆ. ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಸಾಹೇಬರ ಬಾಯಿಂದ ಬಂದ ಮೆಚ್ಚುಗೆ ನನಗೆ ಬೇಕಾಗಿತ್ತು.

‘ಯಾರೂ ಇಲ್ಲ ಸ್ವಾಮಿ. ನಾನೇ ಮಾಡಿ ನೋಡ್ದೆ’ ಎಂದೆ.

ಶೇಷಗಿರಿಯಪ್ಪನವರು ದೊಡ್ಡ ಮನುಷ್ಯ. ನೇರವಾಗಿ ಸಾಮಾನಿನ ಕೋಣೆಗೆ ಹೋಗಿ ತಮ್ಮ ಪಟ್ಟಿಯ ಮುಂದೆ ಕೈಕಟ್ಟಿ ನಿಂತು ಓದಿದರು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕರು. ‘ಇದು ಆ ಸೀಮೆಯ ಬೇಸಿಗೆ ಕಣಯ್ಯ! ಅಲ್ಲಿ ಮೇ ತಿಂಗಳಲ್ಲಿ ಹುಲ್ಲು ಎದ್ದು ಕುಣಿಯುತ್ತೆ. ಇಲ್ಲಿ ಜೀವ ಹಿಡಕೊಂಡಿರುತ್ತೆ. ನನ್ನ ತಲೆಗೆ ಹೋಗಲೇ ಇಲ್ಲ ನೋಡು’ ಎಂದು ತಾವೇ ಅದನ್ನು ಹರಿದುಹಾಕಿದರು. ನಮ್ಮ ಊರಿನದೇ ಪಟ್ಟಿ ಮಾಡು ಎಂದು ನನಗೆ ಹೇಳಿದರು. ಬೇಸಿಗೆಯ ಹುಲ್ಲನ್ನು ಕುಡುಗೋಲಿನಿಂದಲೇ ಕೊಯ್ಯಿಸು, ಬೇಕಾದವರು ಒಯ್ಯಲಿ ಎಂದೂ ಅಪ್ಪಣೆಯಾಯಿತು. ನಾನು ಅಷ್ಟು ಹೆದರಿದ್ದು ಸುಮ್ಮನೆ.

ಓವರ್ಸಿಯರು ಹೊರಡುವಾಗ ಸಾಹೇಬರು, ಕೆಲಸ ಹೆಚ್ಚಾಗಿದೆ, ಸಂಬಳದ ಮೇಲೆ ಇನ್ನೊಬ್ಬರನ್ನು ತೆಗೆದುಕೊಳ್ಳೋಣ, ಕೆಲಸ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಎರಡನೆಯ ಸಲ ಬಾಗಿಲು ತೆರೆದಿತ್ತು. ಆದರೆ ಈಗ ಹೇಳಿದರೆ ಒಂದು ಗಳಿಗೆ ಹಿಂದೆ ಆಡಿದ್ದು ಸುಳ್ಳಾಗುತ್ತದೆ. ವಿಚಾರಿಸುತ್ತೇನೆ ಸ್ವಾಮಿ ಎಂದೆ. ವಿಚಾರಿಸಿ, ಪೂರಿಗಾಲಿಯಿಂದ ನನ್ನ ದೊಡ್ಡಪ್ಪನ ಮಗನನ್ನು ಕರೆತಂದೆ. ಅವನಿಗೆ ಗರಿಕೆಗೂ ಕೊನ್ನಾರಿ ಕಳೆಗೂ ವ್ಯತ್ಯಾಸ ಗೊತ್ತಿರಲಿಲ್ಲ.

ಪಟ್ಟಿ ಮಾಡಿದೆವು. ಮಾಡಿದೆವು ಎಂದರೆ ಚನ್ನಮ್ಮ ಹೇಳಿದಳು, ನಾನು ಬರೆದೆ, ಕೆಳಗೆ ನನ್ನ ಹೆಸರು ಬಂತು. ಹೊಸಬರಿಗೆ ಬೇಕಾಗುತ್ತದೆ ಎಂದು ಇಲ್ಲಿಯೂ ಹೇಳುತ್ತೇನೆ. ಭರಣಿ, ಕೃತ್ತಿಕೆ ಮಳೆ ಬಿದ್ದ ಮೇಲೆ ಹುಲ್ಲಿಗೆ ಎಚ್ಚರವಾಗುತ್ತದೆ. ಎಚ್ಚರವಾದ ಕೂಡಲೇ ಮೇಲೆ ಬೀಳದೆ ಒಂದು ಹದಿನೈದು ದಿನ ಸುಮ್ಮನಿರಿ. ಆರಿದ್ರೆಯಿಂದ ಮಘೆಯವರೆಗೆ, ಎಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ವಾರಕ್ಕೊಮ್ಮೆ. ಸೆಪ್ಟೆಂಬರಿನ ಹುಬ್ಬೆ, ಉತ್ತರೆಯಲ್ಲಿ ಒಳ್ಳೆಯ ಮಳೆಯಾದರೆ ನಾಲ್ಕೈದು ದಿನಕ್ಕೇ ಕೈಗೆ ಬರುತ್ತದೆ, ಆಗ ಬೇಕಾದರೆ ಮಿಷನ್ನು ಆಡಿಸಿ, ಪಟ್ಟೆ ಮೂಡಿಸಿ, ಹೊಗಳಿಸಿಕೊಳ್ಳಿ. ನವೆಂಬರಿಗೆ ಸ್ವಾತಿ ಕಳೆದ ಮೇಲೆ ಹತ್ತು ದಿನ, ಹನ್ನೆರಡು ದಿನ. ಮಾಗಿಯಲ್ಲಿ ತಿಂಗಳಿಗೊಮ್ಮೆ ಸಾಕು, ಇಬ್ಬನಿ ಆರಿದ ಮೇಲೆ. ಶಿವರಾತ್ರಿಯಿಂದ ಮಳೆಯವರೆಗೆ ಇಪ್ಪತ್ತು ದಿನಕ್ಕೊಮ್ಮೆ, ಅದೂ ತುದಿ ಮಾತ್ರ. ಯಾವ ಸಲವೂ ಹುಲ್ಲಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಇವೆಲ್ಲಕ್ಕಿಂತ ಮೊದಲು ಬರಿಗಾಲಲ್ಲಿ ನಡೆದು ನೋಡಿ. ಬೂಟು ಹಾಕಿಕೊಂಡವರಿಗೆ ಹುಲ್ಲು ಏನೂ ಹೇಳುವುದಿಲ್ಲ.

ಯುದ್ಧ ಬಂತು. ಮಿಷನ್ನಿನ ಅಲಗಿಗೆ ಕಲ್ಲು ಸಿಕ್ಕಿ ಮುರಿಯಿತು. ಹೊಸದನ್ನು ತರಿಸುವ ಹಾಗಿರಲಿಲ್ಲ. ಊರಿನ ಕಮ್ಮಾರ ಕಬ್ಬಿಣದ ಪಟ್ಟಿ ಬಡಿದು ಕೂರಿಸಿಕೊಟ್ಟ, ಅದು ಹುಲ್ಲನ್ನು ಅಗಿದು ಉಗುಳುತ್ತಿತ್ತು. ಕೊನೆಗೆ ಹೆಂಗಸರೆಲ್ಲ ಮೊದಲಿನಂತೆ ಸಾಲಾಗಿ ಬಂದು ಕೂತರು. ಬಂಗಲೆಗೆ ಬೇರೆ ಸಾಹೇಬರು ಬಂದರು. ಪುಟ್ಟಲಕ್ಷ್ಮಿ ಆ ಸಾಲಿನ ಹಿಂದೆಯೇ ಅಂಬೆಗಾಲಿಟ್ಟು, ನಡೆದು, ಓಡಿ ಬೆಳೆದಳು. ಅವಳು ನಕ್ಕಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು. ಚನ್ನಮ್ಮ ಕೂಲಿಯಿಲ್ಲದೆ ಬಗ್ಗಿ ಕೊಯ್ಯುವಾಗ ನನ್ನ ದೊಡ್ಡಪ್ಪನ ಮಗ ಸಂಬಳ ತೆಗೆದುಕೊಂಡು ನೆರಳಲ್ಲಿ ಕೂತಿರುತ್ತಿದ್ದ. ಅದನ್ನು ನೋಡಲಾಗದೆ ನಾನು ಮುಖ ತಿರುಗಿಸುತ್ತಿದ್ದೆ. ಹೀಗೆ ಎಂಟು ವರ್ಷ.

ನಲವತ್ತೇಳರ ಮಳೆಗಾಲದಲ್ಲಿ ನನಗೆ ಮಂಡ್ಯಕ್ಕೆ ವರ್ಗವಾಯಿತು. ಹೋಗುವ ಹಿಂದಿನ ದಿನ ಮಧ್ಯಾಹ್ನ ಚನ್ನಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು, ತಲೆ ಎತ್ತದೆ, ಎಲ್ಲವನ್ನೂ ಹೇಳಿದೆ. ಸಾಹೇಬರು ಕೇಳಿದ್ದು, ನಾನು ಸುಳ್ಳು ಹೇಳಿದ್ದು, ಆಕೆಗೆ ಸಿಗಬಹುದಾಗಿದ್ದ ಸಂಬಳದ ಕೆಲಸವನ್ನು ನನ್ನವನಿಗೆ ಕೊಡಿಸಿದ್ದು.

ಆಕೆ ಹುರುಳಿಕಾಳು ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ಅವತ್ತೇ ಕೇಳುಸ್ಕಂಡೆ ಕಣಪ್ಪ. ಗೋರಂಟಿ ಬೇಲಿ ಏನ್ ಗ್ವಾಡೆಯಾ? ಇತ್ಲಾಗೇ ನಿಂತಿದ್ದೆ ನಾನು.’

‘ಮತ್ತೆ ಇಷ್ಟ್ ವರ್ಸ ಒಂದ್ ಮಾತೂ ಆಡ್ನಿಲ್ವಲ್ಲ ಚನ್ನಕ್ಕ?’

‘ಏನಂತ ಆಡ್ಲಿ? ನೀನು ಅವ್ರೆದುರ್ಗೆ ನಡುಗ್ತಾ ನಿಂತಿದ್ದೆ. ನನ್ನೆಸ್ರು ಏಳಿದ್ರೆ ಸಂಬ್ಳ ಕೊಡೋರು, ದಿಟ. ಸಂಬ್ಳ ಕೊಟ್ಮ್ಯಾಕೆ ಉಲ್ಲು ಯಾರ್ದು? ಬಂಗ್ಲೇದು. ಸಂಬ್ಳ ಮೇದು ಅಸ ಆಲ್ ಕೊಡ್ತದಾ? ಕೂಸು ಉಳ್ಕತ್ತಲ್ಲ, ಬುಡು.’

ಇದು ಆಕೆಯ ಮನಸ್ಸಿನಲ್ಲಿ ಇದ್ದದ್ದೋ, ನನ್ನ ಭಾರ ಇಳಿಸಲು ಆಡಿದ್ದೋ, ನನಗೆ ಇವತ್ತಿಗೂ ತಿಳಿಯದು. ಎದ್ದು ಹೊರಟೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಮಾತು ಬಂತು.

‘ಆದ್ರೂ ನೀನು ನನ್ನೆಸ್ರು ಏಳ್ಬೇಕಾಗಿತ್ತು ಕಣಪ್ಪ. ಒಂದೇ ಒಂದ್ ಕಿತ ನನ್ ಕಿವ್ಯಾಗ್ ಕೇಳುಸ್ಕಬೇಕು ಅಂತ ಆಸೆ ಇತ್ತು.’

ನಾನು ಹಿಂತಿರುಗಿದೆ. ‘ಏಳು ಚನ್ನಕ್ಕ, ಬಾ’ ಎಂದೆ. ಯಾಕೆ, ಎಲ್ಲಿಗೆ ಎಂದು ಆಕೆ ಕೇಳುತ್ತಲೇ ಇದ್ದಳು. ಆವತ್ತು ಲೆಕ್ಕ ಒಪ್ಪಿಸಿಕೊಳ್ಳಲು ಶೇಷಗಿರಿಯಪ್ಪನವರು ಬಂದಿದ್ದರು, ಅವರಿಗೂ ನಿವೃತ್ತಿ ಹತ್ತಿರವಾಗಿತ್ತು. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದಿನ ಕಡೆಯಿಂದಲ್ಲ, ಮುಂದಿನ ಗೇಟಿನಿಂದಲೇ ಚನ್ನಮ್ಮನನ್ನು ಕರೆದುಕೊಂಡು ಹೋಗಿ ಅವರ ಎದುರು ನಿಂತೆ.

‘ಸ್ವಾಮಿ, ಆ ಬೇಸಿಗೆಯಲ್ಲಿ ಹುಲ್ಲು ಉಳಿಸಿದ್ದು ನಾನಲ್ಲ. ಈ ಚನ್ನಮ್ಮ. ಪಟ್ಟಿ ಇವರದು. ನಾನು ಸುಳ್ಳು ಹೇಳಿದ್ದೆ’ ಎಂದೆ.

ಅವರು ಕನ್ನಡಕ ತೆಗೆದರು. ಆಕೆಯನ್ನು ನೋಡಿದರು, ಎದ್ದುನಿಂತು ಕೈ ಮುಗಿದರು. ಚನ್ನಮ್ಮ ಗಾಬರಿಯಾಗಿ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅವರು ನನ್ನ ಕಡೆ ತಿರುಗಿದರು. ಅಷ್ಟು ಕೆಂಪಾದ ಅವರ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

‘ಎಂಟು ವರ್ಷ ಕಣಯ್ಯ! ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ನಿನಗೆ ಏನು ಮಾಡಿದರೆ ಸರಿ?’

ಉತ್ತರ ಕೊಟ್ಟವಳು ಚನ್ನಮ್ಮ.

‘ಬಯ್ಯಬ್ಯಾಡಿ ಬುಡಿ ಸ್ವಾಮಿ’ ಎಂದಳು. ‘ಈಗಲಾದ್ರೂ ದಿಟ ಏಳವ್ನಲ್ಲ.’